ಮಾಡೆಲ್‌ಗಳಿಗೆ ಮೆಟಾಲಿಕ್ ವ್ಯಾಕ್ಸ್: ಉಜ್ಜಿದರೆ ಹೊಳೆಯುತ್ತದೆ, ಜಾಸ್ತಿ ಉಜ್ಜಿದರೆ ಹೋಗುತ್ತದೆ

ಟೇಬಲ್ ಮೇಲೆ ಬಿದ್ದಿದ್ದ ಟ್ಯೂಬನ್ನು ಅಪ್ಪ ಎತ್ತಿಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಮಂಡಿನೋವಿಗೂ ಆಗುತ್ತೇನೋ?" ಎಂದು ಕೇಳಿದರು. ಅವರ ತಪ್ಪಿಲ್ಲ ಬಿಡಿ. ನೋಡಲು ಥೇಟ್ ಮುಲಾಮಿನ ಟ್ಯೂಬೇ. ಅಷ್ಟೇ ಸಣ್ಣದು, ಒತ್ತಿದರೆ ಗಟ್ಟಿ ಪೇಸ್ಟ್ ಬರುತ್ತದೆ, ವಾಸನೆಯೂ ಹೆಚ್ಚುಕಡಿಮೆ ಹಾಗೇ ಇದೆ. ಒಂದೇ ವ್ಯತ್ಯಾಸ ಅಂದರೆ ಈ ಪೇಸ್ಟು ಬೆಳ್ಳಿ ಬಣ್ಣದ್ದು. ಬೆರಳಿಗೆ ಹತ್ತಿದರೆ ಎರಡು ದಿನ ಉಗುರಿನ ಸಂದಿ ಬಿಟ್ಟು ಕದಲುವುದಿಲ್ಲ.

ಇದಕ್ಕೆ ಮೆಟಾಲಿಕ್ ವ್ಯಾಕ್ಸ್ ಎಂದು ಹೆಸರು. ಮೇಣದೊಳಗೆ ನುಣ್ಣನೆಯ ಲೋಹದ ಪುಡಿ ಕಲಸಿ, ಅದು ಮೆತ್ತಗಿರಲಿ ಎಂದು ಟರ್ಪೆಂಟೈನ್ ಜಾತಿಯ ದ್ರಾವಕ ಸೇರಿಸಿರುತ್ತಾರೆ. ಹಚ್ಚುವುದು, ಒಣಗಲು ಬಿಡುವುದು, ಬಟ್ಟೆಯಿಂದ ಉಜ್ಜುವುದು, ಅಷ್ಟೇ ಕೆಲಸ. ನನ್ನ ಹತ್ತಿರ ಎರಡು ಕಂಪನಿಯ ಟ್ಯೂಬುಗಳಿವೆ. ಒಂದು ಅಮೆರಿಕದ ಅಮಾಕೊ ಕಂಪನಿಯ ರಬ್ ಎನ್ ಬಫ್, 15 ಮಿಲಿ. ಇನ್ನೊಂದು ಸ್ಪೇನಿನ ಎಕೆ ಇಂಟರಾಕ್ಟಿವ್‌ನವರ ಟ್ರೂ ಮೆಟಲ್, 20 ಮಿಲಿ. ಮೊದಲನೆಯದು ಮಾಡೆಲ್ (ಟ್ಯಾಂಕು, ವಿಮಾನ ಇಂಥವುಗಳ ಪುಟ್ಟ ಪ್ರತಿರೂಪ) ಮಾಡುವವರಿಗೆ ಎಂದು ಹುಟ್ಟಿದ್ದೇ ಅಲ್ಲ. ಫೋಟೋ ಚೌಕಟ್ಟು, ದೀಪದ ಕಂಬ, ಮರದ ಪೆಟ್ಟಿಗೆ, ಇಂಥವಕ್ಕೆ ಚಿನ್ನದ ಬಣ್ಣ ಕೊಡಲು ಮಾಡಿದ್ದು. ಅಮಾಕೊ 1919ರಲ್ಲಿ ಶುರುವಾದ, ಮುಖ್ಯವಾಗಿ ಜೇಡಿಮಣ್ಣು ಮತ್ತು ಮಡಕೆ ಬಣ್ಣದ ಕಂಪನಿ. ಎರಡನೆಯದನ್ನು ನಮ್ಮಂಥ ಹುಚ್ಚರಿಗಾಗಿಯೇ ಮಾಡಿದ್ದಾರೆ.

2024ರಿಂದ ಇವನ್ನು ಬಳಸುತ್ತಿದ್ದೇನೆ. ಒಂದು ಟ್ಯಾಂಕ್, ಒಂದು ಯುದ್ಧ ವಿಮಾನ, ಮೂರು ಸಣ್ಣ ಬೊಂಬೆಗಳು, ಜೊತೆಗೆ ನನ್ನ ಪಟ್ಟಿಯಲ್ಲೇ ಇರದಿದ್ದ ಇನ್ನೊಂದು. ಅದರ ಕಥೆ ಕೊನೆಗೆ ಹೇಳುತ್ತೇನೆ.

ಕೊಳ್ಳುವ ಕಥೆ ಮೊದಲು. ನಮ್ಮ ಬೆಂಗಳೂರಿನ ಮಾಮೂಲಿ ಸ್ಟೇಷನರಿ ಅಂಗಡಿಯಲ್ಲಿ ಕೇಳಿದರೆ ಮೇಣದಬತ್ತಿ ತಂದು ಮುಂದಿಡುತ್ತಾರೆ. ಹಾಗಾಗಿ ಆನ್‌ಲೈನ್‌ನಲ್ಲಿ ತರಿಸಿದೆ. ಮೊದಲ ಟ್ಯೂಬ್ ಬಂದಾಗ ಹಿಂಬದಿಯ ಮಡಿಕೆ ಸೀಳಿತ್ತು, ಅಲ್ಲೆಲ್ಲ ಒಣಗಿದ ಚಿನ್ನ, ಒಳಗಿನದು ಹಳೇ ಬೆಲ್ಲದ ಅಚ್ಚಿನಂತೆ ಗಟ್ಟಿ. ಮಾರಿದವರು ಯಾರು ಅನ್ನುವುದು ಬೇಡ. ಫೋನ್ ಮಾಡಿದರೆ "ಬಿಸಿನೀರಲ್ಲಿ ಇಡಿ ಸರ್, ಸರಿಹೋಗುತ್ತೆ" ಅಂದರು. ಇಟ್ಟೆ. ಹೋಗಲಿಲ್ಲ. ಚಳಿಗೆ ಗಟ್ಟಿಯಾದ ಕೊಬ್ಬರಿ ಎಣ್ಣೆಯಲ್ಲವಲ್ಲ ಇದು, ದ್ರಾವಕ ಆವಿಯಾಗಿ ಹೋಗಿದೆ, ಬಿಸಿ ಮಾಡಿದರೆ ಅದು ವಾಪಸ್ ಬರುತ್ತದೆಯೇ? ಕೊನೆಗೆ ಬ್ಲೇಡಿನಲ್ಲಿ ಟ್ಯೂಬ್ ಕೊಯ್ದು, ಒಳಗಿದ್ದುದನ್ನು ಹೋಮಿಯೋಪತಿ ಮಾತ್ರೆಯ ಖಾಲಿ ಗಾಜಿನ ಶೀಷೆಗೆ ಹಾಕಿ, ನಾಲ್ಕು ಹನಿ ಟರ್ಪೆಂಟೈನ್ ಬಿಟ್ಟು ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ಕಡ್ಡಿಯಿಂದ ಕಲಸಿದರೆ ಮತ್ತೆ ಬೆಣ್ಣೆಯ ಹದ. ಇವತ್ತಿಗೂ ಅದನ್ನೇ ಬಳಸುತ್ತಿದ್ದೇನೆ. ನಿಮ್ಮ ಟ್ಯೂಬೂ ಗಟ್ಟಿಯಾದರೆ ಎಸೆಯಬೇಡಿ.

ಬೆಲೆ ಕಡಿಮೆ ಏನಲ್ಲ, ಆಮದು ಮಾಲು, ಇಬ್ಬರು ಹೊರಗೆ ಒಳ್ಳೆ ಊಟ ಮಾಡುವಷ್ಟು ಆಗುತ್ತದೆ. ಆದರೆ ಒಂದು ಸಲಕ್ಕೆ ಬೇಕಾಗುವುದು ಸಾಸಿವೆ ಕಾಳಿನಷ್ಟು. ಇಷ್ಟು ದಿನವಾದರೂ ನನ್ನ ಯಾವ ಟ್ಯೂಬೂ ಅರ್ಧ ಖಾಲಿಯಾಗಿಲ್ಲ.

ಈಗ ಇದು ಕೆಲಸ ಮಾಡುವ ರೀತಿ. ಇದು ಗೊತ್ತಾದರೆ ಅರ್ಧ ತಪ್ಪು ತಪ್ಪುತ್ತದೆ, ನನಗೆ ತಡವಾಗಿ ಗೊತ್ತಾಯಿತು. ಒಳಗಿರುವ ಲೋಹದ ಪುಡಿ ರವೆಯಂತೆ ದುಂಡಗಿರುವುದಿಲ್ಲ, ಅವಲಕ್ಕಿಯಂತೆ ಚಪ್ಪಟೆ. ಬೆಳ್ಳಿ ಬಣ್ಣಕ್ಕೆ ಸಾಮಾನ್ಯವಾಗಿ ಅಲ್ಯೂಮಿನಿಯಂ ಪುಡಿ ಹಾಕುತ್ತಾರೆ, ಚಿನ್ನದ ಬಣ್ಣಕ್ಕೆ ತಾಮ್ರ ಸತು ಬೆರೆಸಿದ ಪುಡಿ. ಹಚ್ಚಿದ ತಕ್ಷಣ ಈ ಚೂರುಗಳು ಅಡ್ಡಾದಿಡ್ಡಿ ಬಿದ್ದಿರುತ್ತವೆ, ಹಾಗಾಗಿ ಮಂಕು. ಬಟ್ಟೆಯಿಂದ ಉಜ್ಜುತ್ತಾ ಹೋದಂತೆ ಒಂದೊಂದೂ ಮಲಗುತ್ತದೆ, ಎಲ್ಲವೂ ಒಂದೇ ಕಡೆ ಮುಖ ಮಾಡುತ್ತವೆ, ಬೆಳಕು ಒಟ್ಟಿಗೆ ವಾಪಸ್ ಬರುತ್ತದೆ. ಅದೇ ಹೊಳಪು. ಮೇಣ ಅವನ್ನು ಹಿಡಿದಿಟ್ಟುಕೊಳ್ಳುವ ಅಂಟು.

ರಬ್ ಎನ್ ಬಫ್‌ನಲ್ಲಿ ಹಾಕುವುದು ಕಾರ್ನೌಬಾ ಮೇಣ. ಬ್ರೆಜಿಲ್‌ನ ಒಂದು ಜಾತಿಯ ತಾಳೆಮರದ ಎಲೆಯಿಂದ ಬರುವುದು, ಕಾರು ಪಾಲಿಶ್‌ಗೂ ಹಾಕುತ್ತಾರೆ. ಅದು ಕರಗಲು 80 ಡಿಗ್ರಿ ದಾಟಬೇಕು, ಜೇನುಮೇಣ 60ರ ಮೇಲೆ ಸ್ವಲ್ಪ ಹೋದರೆ ಕರಗಿಬಿಡುತ್ತದೆ. ಆದ್ದರಿಂದ ಏಪ್ರಿಲ್ ಬಿಸಿಲಿಗೆ ಕಪಾಟಿನಲ್ಲಿರುವ ಮಾಡೆಲ್ ಕರಗಿ ಇಳಿಯುತ್ತದೆ ಎಂಬ ಭಯ ಬೇಡ. ಕಿಟಕಿ ಪಕ್ಕ ಇಟ್ಟಿದ್ದ ನನ್ನ ಟ್ಯಾಂಕಿಗೆ ಏನೂ ಆಗಿಲ್ಲ. ಮಳೆಗಾಲದಲ್ಲಿ ಮಾತ್ರ ನಾನು ಒಂದು ದಿನ ಜಾಸ್ತಿ ಒಣಗಲು ಬಿಡುತ್ತೇನೆ.

ಟ್ಯಾಂಕ್ ಬಗ್ಗೆಯೇ ಮೊದಲು ಹೇಳುತ್ತೇನೆ, ಯಾಕೆಂದರೆ ಈ ಮೇಣ ನನ್ನ ಮನಸ್ಸು ಗೆದ್ದಿದ್ದು ಅಲ್ಲೇ. 1/35 ಅಳತೆಯ, ಅಂದರೆ ನಿಜವಾದುದರ ಮೂವತ್ತೈದನೇ ಒಂದು ಭಾಗದಷ್ಟಿರುವ, ಟಿ-55 ಟ್ಯಾಂಕ್. ನಿಜವಾದ ಟ್ಯಾಂಕಿನ ಚೈನು ಎಲ್ಲ ಕಡೆ ಹೊಳೆಯುವುದಿಲ್ಲ. ನೆಲಕ್ಕೆ ತಾಗುವ ಹಲ್ಲುಗಳ ತುದಿ, ಚಕ್ರ ಉರುಳುವ ಒಳಮೈ, ಹಲ್ಲುಗಾಲಿ ಕಚ್ಚುವ ಜಾಗ, ಇಷ್ಟು ಮಾತ್ರ ಸವೆದು ಬೆಳ್ಳಗಾಗಿರುತ್ತವೆ. ಉಳಿದಿದ್ದೆಲ್ಲ ತುಕ್ಕು, ಮಣ್ಣು. ಹಳೇ ದೇವಸ್ಥಾನದ ಹಿತ್ತಾಳೆ ಹೊದಿಸಿದ ಹೊಸ್ತಿಲು ನೋಡಿದ್ದೀರಲ್ಲ, ಜನ ಮುಟ್ಟಿ ನಮಸ್ಕಾರ ಮಾಡುವ ನಡುಭಾಗ ಫಳಫಳ ಅನ್ನುತ್ತಿರುತ್ತದೆ, ಬದಿಯ ಮೂಲೆಗಳು ಕಪ್ಪು. ಸಿಟಿ ಬಸ್ಸಿನ ಹಿಡಿಕಂಬಿಯೂ ಹಾಗೇ. ಕೈ ಬೀಳುವ ಕಡೆ ಮಾತ್ರ ಲೋಹ ಲೋಹದಂತೆ ಕಾಣುತ್ತದೆ.

ಬ್ರಷ್ಷಿನಲ್ಲಿ ಬೆಳ್ಳಿ ಬಣ್ಣ ಬಳಿದು ಇದನ್ನು ತೋರಿಸಲು ನಾನು ವರ್ಷಗಟ್ಟಲೆ ಒದ್ದಾಡಿದ್ದೇನೆ. ಎಷ್ಟು ಹುಷಾರಾಗಿ ಮಾಡಿದರೂ ಬಳಿದಿದ್ದು ಬಳಿದಂತೆಯೇ ಕಾಣುತ್ತಿತ್ತು. ಮೇಣದಲ್ಲಿ ಆ ಲೆಕ್ಕಾಚಾರವೇ ಬೇಡ. ಚೈನಿಗೆ ಗಾಢ ಕಂದು ಹೊಡೆದೆ, ಮಣ್ಣಿನ ಪುಡಿ ಹಾಕಿ ಕೂರಿಸಿದೆ, ಎಲ್ಲ ಒಣಗಿದ ಮೇಲೆ ತೋರುಬೆರಳಿಗೆ ಒಂದಿಷ್ಟು ಟ್ರೂ ಮೆಟಲ್‌ನ ಸ್ಟೀಲ್ ಬಣ್ಣ ತಗೊಂಡು, ಮುಕ್ಕಾಲು ಭಾಗ ಪೇಪರ್ ಮೇಲೆ ಒರೆಸಿ, ಉಳಿದಿದ್ದನ್ನು ಹಣೆಗೆ ವಿಭೂತಿ ಎಳೆಯುವ ಹಾಗೆ ಚೈನಿನ ಮೇಲೆ ಎಳೆದೆ. ಉಬ್ಬಿದ ಕಡೆ ಹತ್ತಿತು, ತಗ್ಗಿನಲ್ಲಿ ಇಲ್ಲ. ನಿಜವಾದ ಟ್ಯಾಂಕಿನಲ್ಲಿ ನೆಲ ಎಲ್ಲಿ ಉಜ್ಜುತ್ತದೋ ನನ್ನ ಬೆರಳೂ ತಾನಾಗಿ ಅಲ್ಲೇ ಉಜ್ಜಿತು. ಎರಡು ಬದಿಯ ಚೈನಿಗೂ ಸೇರಿ ಹತ್ತು ನಿಮಿಷ. ಆಮೇಲೆ ಹಳೇ ಬನಿಯನ್ ಬಟ್ಟೆಯಿಂದ ಮೆಲ್ಲಗೆ ಉಜ್ಜಿದೆ, ಮುಗೀತು. ಅಷ್ಟು ದೊಡ್ಡ ಕಿಟ್‌ನಲ್ಲಿ ಮನೆಗೆ ಬಂದವರೆಲ್ಲ ಮೊದಲು ಬಗ್ಗಿ ನೋಡುವುದು ಆ ಚೈನನ್ನೇ.

ಈ ಯಶಸ್ಸು ತಲೆಗೇರಿತು. ಮುಂದಿನದ್ದು ವಿಮಾನ.

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಾಯುಪಡೆ ಮಿಗ್-21ಕ್ಕೆ ವಿದಾಯ ಹೇಳಿತಲ್ಲ, ಅದನ್ನು ಟಿವಿಯಲ್ಲಿ ನೋಡುತ್ತಾ ಅಟ್ಟದ ಮೇಲೆ ವರ್ಷಗಳಿಂದ ಕೂತಿದ್ದ 1/72 ಮಿಗ್ ಕಿಟ್ ನೆನಪಾಯಿತು. ನಮ್ಮ ಮಿಗ್-21ಗಳು 1963ರಲ್ಲಿ ಬರಲು ಶುರುವಾದಾಗ ಬಣ್ಣ ಬಳಿಯದ ಬೆತ್ತಲೆ ಲೋಹದಲ್ಲೇ ಹಾರುತ್ತಿದ್ದವು, ಮರೆಬಣ್ಣ (ಕ್ಯಾಮೊಫ್ಲಾಜ್) ಬಂದಿದ್ದು ಆಮೇಲೆ. ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂಗೆ ಹೋದರೆ ಮಿಗ್‌ನ ನಿಜವಾದ ಗಾತ್ರ ಎಷ್ಟು ಎಂದು ಎದುರು ನಿಂತು ನೋಡಬಹುದು. ಕಿಟ್‌ನಲ್ಲಿ ಅದು ಹೆಚ್ಚುಕಡಿಮೆ ಒಂದು ಗೇಣು, ಅಷ್ಟೇ. ನನಗೆ ಆ ಬೆತ್ತಲೆ ಲೋಹದ ಮಿಗ್ಗೇ ಬೇಕಿತ್ತು. ಪೂರ್ತಿ ಮೇಣದಲ್ಲೇ ಮಾಡೋಣ ಎಂದು ಹೊರಟೆ.

ಮಾಡಬಾರದಿತ್ತು. ಟ್ಯಾಂಕಿನ ಚೈನಿಗೆ ಒಗ್ಗಿದ ಗುಣವೇ ಇಲ್ಲಿ ಕೈಕೊಟ್ಟಿತು. ರೆಕ್ಕೆಯ ಸಪಾಟು ಮೈ ಮೇಲೆ ಬೆರಳು ಎಲ್ಲಿ ಒತ್ತಿತು, ಎಲ್ಲಿ ಒತ್ತಲಿಲ್ಲ ಎಂಬುದೆಲ್ಲ ಕಲೆಕಲೆಯಾಗಿ ಕಾಣುತ್ತದೆ. ಕೂದಲೆಳೆಯಂಥ ಪ್ಯಾನೆಲ್ ಗೆರೆಗಳಲ್ಲಿ ಮೇಣ ತುಂಬಿಕೊಂಡು ಅರ್ಧ ಗೆರೆ ಮಾಯ. ಒಂದು ರೆಕ್ಕೆ ಮುಗಿಸಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಹಿಡಿದುಕೊಂಡಿದ್ದ ಕಡೆ ಹೆಬ್ಬೆರಳಿನ ಗುರುತು, ಆಧಾರ್ ಕೇಂದ್ರದಲ್ಲೂ ಅಷ್ಟು ಚೆನ್ನಾಗಿ ಬಂದಿರಲಿಲ್ಲ. ಇದೆಲ್ಲ ದಾಟಿ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ) ಅಂಟಿಸಲು ಹೋದರೆ ಕಮಲದ ಎಲೆ ಮೇಲಿನ ನೀರಿನ ಹಾಗೆ ಹನಿ ಉರುಳಿ ಹೋಗುತ್ತದೆ, ತ್ರಿವರ್ಣದ ವೃತ್ತ ಜಾರಿ ರೆಕ್ಕೆ ತುದಿಗೆ ಬಂದು ನಿಂತಿತು. ಮೇಣದ ಮೇಲೆ ನೀರು ನಿಲ್ಲುವುದಿಲ್ಲ ಅನ್ನುವುದು ಮಳೆಯಲ್ಲಿ ಕಾರು ನೋಡಿದ ಮಕ್ಕಳಿಗೂ ಗೊತ್ತು, ನನಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ.

ಸರಿ, ಮೊದಲು ವಾರ್ನಿಷ್ ಹೊಡೆದು ಆಮೇಲೆ ಡೆಕಾಲ್ ಹಾಕೋಣ ಎಂದು ಇನ್ನೊಂದು ತಪ್ಪು ಮಾಡಿದೆ. ಸ್ಪ್ರೇ ಬಿದ್ದ ಮರುಕ್ಷಣ ಹೊಳಪೆಲ್ಲ ಹೋಗಿ ಅಲ್ಯೂಮಿನಿಯಂ ಪಾತ್ರೆಯ ತಳದ ಬಣ್ಣ ಬಂತು. ಅವಲಕ್ಕಿಯ ಲೆಕ್ಕ ನೆನಪಿದೆಯಲ್ಲ? ವಾರ್ನಿಷ್‌ನ ದ್ರಾವಕ ಮೇಣವನ್ನು ಸಡಿಲಿಸುತ್ತದೆ, ಅಷ್ಟು ಹೊತ್ತು ಉಜ್ಜಿ ಮಲಗಿಸಿದ್ದ ಚೂರುಗಳೆಲ್ಲ ಮತ್ತೆ ಎದ್ದು ಕೂರುತ್ತವೆ. ಇದು ಒಂದು ಕಂಪನಿಯ ದೋಷವಲ್ಲ, ಮೇಣದ ಜಾತಿಗುಣ. ನೀರು ಬೆರೆಸುವ ಅಕ್ರಿಲಿಕ್ ವಾರ್ನಿಷ್ ಆದರೆ ಪೆಟ್ಟು ಕಡಿಮೆ, ಆದರೂ ಸ್ವಲ್ಪ ಮಂಕಾಗುವುದು ಖಂಡಿತ. ಮಾಡಲೇಬೇಕು ಅನ್ನಿಸಿದರೆ ಮೊದಲು ಪ್ಲಾಸ್ಟಿಕ್ ಚಮಚದ ಮೇಲೆ ಮಾಡಿ ನೋಡಿ.

ಎಲ್ಲವನ್ನೂ ಬಣ್ಣ ತೆಳುಮಾಡುವ ದ್ರಾವಕವಾದ ವೈಟ್ ಸ್ಪಿರಿಟ್‌ನಲ್ಲಿ ಒರೆಸಿ ತೆಗೆದೆ. ಕೆಳಗಿದ್ದ ಕಪ್ಪು ಅಕ್ರಿಲಿಕ್ ಬಣ್ಣಕ್ಕೆ ಏನೂ ಆಗಲಿಲ್ಲ, ಪುಣ್ಯ. ಅಲ್ಲಿ ಎನಾಮಲ್ (ಎಣ್ಣೆ ಜಾತಿಯ ಬಣ್ಣ) ಇದ್ದಿದ್ದರೆ ಅದೂ ಜೊತೆಗೇ ಎದ್ದು ಬರುತ್ತಿತ್ತು. ಹಚ್ಚುವಾಗಲೂ ಅಷ್ಟೇ, ಮೇಣದೊಳಗಿನ ದ್ರಾವಕವೇ ಎನಾಮಲ್ಲನ್ನು ಕೆರಳಿಸುತ್ತದೆ. ಆದ್ದರಿಂದ ತಳಕ್ಕೆ ಅಕ್ರಿಲಿಕ್ ಅಥವಾ ಲ್ಯಾಕರ್ ಇರಲಿ, ಪೂರ್ತಿ ಒಣಗಿರಲಿ.

ಎರಡನೇ ಸಲ ಬುದ್ಧಿ ಬಂದಿತ್ತು. ಮೈಯೆಲ್ಲ ಏರ್‌ಬ್ರಷ್‌ನಲ್ಲಿ ಮಾಮೂಲಿ ಅಲ್ಯೂಮಿನಿಯಂ ಬಣ್ಣ, ಅದರ ಮೇಲೆ ಡೆಕಾಲ್, ಆಮೇಲೆ ವಾರ್ನಿಷ್, ಇಷ್ಟೆಲ್ಲ ಆದಮೇಲೆ ಕಟ್ಟಕಡೆಗೆ ಮೇಣ. ಅದೂ ಮೂರೇ ಕಡೆ. ಬಾಲದ ಹತ್ತಿರ ಬೆಂಕಿ ಹೊರಬರುವ ಕೊಳವೆಯ ಸುತ್ತ ಗನ್‌ಮೆಟಲ್, ಮೂತಿಯ ಅಂಚಿಗೆ ಒಂದು ಸುತ್ತು ಬೆಳ್ಳಿ, ಚಕ್ರದ ಕಾಲಿನಲ್ಲಿ ಮೇಲೆ ಕೆಳಗೆ ಆಡುವ ಆ ನುಣುಪು ಕಂಬಿಗೆ ಟೂತ್‌ಪಿಕ್ ತುದಿಯಲ್ಲಿ ಒಂದು ಚುಕ್ಕೆ. ಕಂಬಿ ಅಕ್ಕಿಕಾಳಿಗಿಂತ ಚಿಕ್ಕದು, ಆದರೂ ಆ ಒಂದು ಚುಕ್ಕೆಯಿಂದ ಇಡೀ ವಿಮಾನಕ್ಕೆ ಜೀವ ಬಂತು. ಸುತ್ತಲಿನ ಮಾಮೂಲಿ ಬಣ್ಣಕ್ಕೂ ಮೇಣಕ್ಕೂ ಹೊಳಪಿನಲ್ಲಿ ವ್ಯತ್ಯಾಸ ಇರುವುದೇ ಇಲ್ಲಿ ಲಾಭ. ಲೋಹದ ತಗಡುಗಳು ಎಲ್ಲವೂ ಒಂದೇ ಥರ ಹೊಳೆಯುವುದಿಲ್ಲ, ಅಲ್ವಾ?

ಬೊಂಬೆಗಳ ವಿಷಯ ಬೇಗ ಮುಗಿಸುತ್ತೇನೆ. 28 ಮಿಲಿಮೀಟರ್ ಎತ್ತರದ ಯೋಧರು, ಮೈಮೇಲೆ ಉಂಗುರ ಹೆಣೆದ ಕವಚ. ಕಪ್ಪು ಪ್ರೈಮರ್ (ತಳಬಣ್ಣ) ಮೇಲೆ ಹತ್ತಿ ಕಡ್ಡಿಯಲ್ಲಿ ಬೆಳ್ಳಿ ಮೇಣ ಉಜ್ಜಿದರೆ ಉಂಗುರಗಳೆಲ್ಲ ಹೊಳೆದು ನಡುವಿನ ಸಂದುಗಳು ಕಪ್ಪಾಗಿ ಉಳಿದವು, ಥೇಟ್ ಬೀದರಿನ ಬಿದ್ರಿ ಹೂಜಿಯ ಹಾಗೆ ಕಪ್ಪಿನ ಮೇಲೆ ಬೆಳ್ಳಿ. ಇಲ್ಲಿ ಮಾತ್ರ ಒಂದು ಫಜೀತಿ ಇದೆ. ಮೇಣ ಕೊನೆಗೆ ಹಚ್ಚಬೇಕು, ಆದರೆ ಅಷ್ಟು ಸಣ್ಣ ಬೊಂಬೆಯಲ್ಲಿ ಕವಚದಿಂದ ಮುಖಕ್ಕೆ ಎರಡು ಮಿಲಿಮೀಟರ್ ದೂರ. ಮೊದಲೇ ಬಣ್ಣ ಹಾಕಿಟ್ಟ ಮುಖಕ್ಕೆ ಬೆಳ್ಳಿ ಮೆತ್ತಿದರೆ ಸರಿಮಾಡುವುದೂ ಕಷ್ಟ, ಮೇಣ ತಗುಲಿದ ಜಾಗದಲ್ಲಿ ಅಕ್ರಿಲಿಕ್ ಕೂರುವುದಿಲ್ಲ. ನಾನು ಈಗ ತಲೆಯನ್ನು ಬೇರೆಯೇ ಬಣ್ಣ ಮಾಡಿ ಕೊನೆಗೆ ಅಂಟಿಸುತ್ತೇನೆ. ತಲೆ ಬೇರೆ ಬರದ ಬೊಂಬೆಗೆ ಮೇಣ ಬೇಡ.

ಆಟಕ್ಕೆ ಬಳಸುವ ಬೊಂಬೆಗಳಿಗಂತೂ ಬೇಡವೇ ಬೇಡ. ಗೆಳೆಯನೊಬ್ಬನ ಆಟದ ಸೆಟ್ಟಿಗೆ ಒಂದು ಮಾಡಿಕೊಟ್ಟೆ, ನಾಲ್ಕು ಭಾನುವಾರ ಎತ್ತಿಟ್ಟು ಆಡಿದ ಮೇಲೆ ಕತ್ತಿಯ ಹೊಳಪೆಲ್ಲ ಅವನ ಬೆರಳಿನಲ್ಲಿತ್ತು. ಗಾಜಿನ ಕಪಾಟಿನಲ್ಲಿ ಇಡುವುದಾದರೆ ಮಾತ್ರ ಕೈ ಹಾಕಿ.

ಎರಡು ಕಂಪನಿಗಳಲ್ಲಿ ಯಾವುದು ಎಂದು ಕೇಳಿದರೆ, ಬೇರೆ ಬೇರೆ ಕೆಲಸಕ್ಕೆ ಎರಡೂ ಒಳ್ಳೆಯವೇ. ಟ್ರೂ ಮೆಟಲ್‌ನ ಬಣ್ಣಗಳ ಹೆಸರೇ ಅಲ್ಯೂಮಿನಿಯಂ, ಸ್ಟೀಲ್, ಗನ್‌ಮೆಟಲ್ ಎಂದಿರುವುದರಿಂದ ತಲೆ ಕೆಡಿಸಿಕೊಳ್ಳಬೇಕಿಲ್ಲ. ಎರಡು ಹನಿ ವೈಟ್ ಸ್ಪಿರಿಟ್ ಸೇರಿಸಿದರೆ ಬ್ರಷ್ಷಿನಲ್ಲೂ ಬಳಿಯಬಹುದು, ಸಣ್ಣ ಅಳತೆಯ ವಿಮಾನಕ್ಕೆ ನನ್ನ ಆಯ್ಕೆ ಇದೇ. ಬ್ರಷ್ಷು ಹಳೇದಿರಲಿ, ಒಳ್ಳೇ ಕೂದಲಿನ ಬ್ರಷ್ಷಿಗೆ ಮೇಣ ತಾಗಿಸಬೇಡಿ. ರಬ್ ಎನ್ ಬಫ್ ಬೆರಳಿನಿಂದ ಉಜ್ಜಲೆಂದೇ ಇರುವುದು. ಅದರ ಬಲ ಚಿನ್ನದಲ್ಲಿದೆ. ಗೋಲ್ಡ್ ಲೀಫ್, ಆಂಟೀಕ್ ಗೋಲ್ಡ್, ಗ್ರೀಶಿಯನ್ ಗೋಲ್ಡ್, ಯುರೋಪಿಯನ್ ಗೋಲ್ಡ್ ಅಂತ ಮದುವೆ ಸೀರೆ ಅಂಗಡಿಯಲ್ಲಿ ಜರಿ ತೋರಿಸಿದ ಹಾಗೆ ತೋರಿಸುತ್ತಾರೆ. ಸಿಲ್ವರ್ ಲೀಫ್ ತುಂಬಾ ಬೆಳ್ಳಗೆ, ಕತ್ತಿಯ ಅಂಚಿಗೆ ಸರಿ, ಟ್ಯಾಂಕಿಗೆ ಜಾಸ್ತಿಯಾಯಿತು. ಟ್ಯಾಂಕಿಗೆ ಪ್ಯೂಟರ್ ಎಂಬ ಮಂಕು ಬೂದು ಬಣ್ಣ ಒಪ್ಪುತ್ತದೆ.

ಇದೆಲ್ಲ ಬೇಡ, ಖರ್ಚು ಜಾಸ್ತಿ ಅನ್ನುವವರು ಅಂಗಡಿಯಿಂದ ಒಂದು 6ಬಿ ಪೆನ್ಸಿಲ್ ತನ್ನಿ. ಸುಮ್ನೆ ತಮಾಷೆಗೆ ಹೇಳುತ್ತಿಲ್ಲ. ಅದರ ಗ್ರಾಫೈಟ್ ಪುಡಿಯನ್ನು ಬೆರಳಿನಿಂದ ಉಜ್ಜಿದರೆ ಬಂದೂಕಿನ ನಳಿಕೆಗೆ ಬರುವ ಆ ಕಪ್ಪು ಮಿಶ್ರಿತ ಉಕ್ಕಿನ ಬಣ್ಣ ಯಾವ ಟ್ಯೂಬಿನಲ್ಲೂ ಸಿಗುವುದಿಲ್ಲ. ನನ್ನ ಟಿ-55ರ ಮೆಷಿನ್ ಗನ್ನು ಪೂರ್ತಿ ಪೆನ್ಸಿಲ್‌ನದ್ದೇ. ಆದರೆ ಪೆನ್ಸಿಲ್‌ಗೆ ಗೊತ್ತಿರುವುದು ಅದೊಂದೇ ಬಣ್ಣ. ಹಿತ್ತಾಳೆ, ತಾಮ್ರ, ಚಿನ್ನ, ಬೆಳ್ಳನೆಯ ಬೆಳ್ಳಿ ಬೇಕಾದರೆ ಮೇಣಕ್ಕೇ ಬರಬೇಕು.

ಹಚ್ಚುವಾಗ ಕಿಟಕಿ ತೆಗೆದಿಡಿ, ಒಲೆಯ ಹತ್ತಿರ ಬೇಡ, ಮಕ್ಕಳ ಕೈಗೆ ಟ್ಯೂಬ್ ಸಿಗದಿರಲಿ. ಊಟಕ್ಕೆ ಮುಂಚೆ ಕೈಗೆ ಸ್ವಲ್ಪ ಅಡುಗೆ ಎಣ್ಣೆ ತಿಕ್ಕಿ ಆಮೇಲೆ ಸೋಪು ಹಾಕಿ ತೊಳೆಯಿರಿ, ಬರೀ ಸೋಪಿಗೆ ಹೋಗುವ ಮಾಲಲ್ಲ.

ಈಗ ಪಟ್ಟಿಯಲ್ಲಿ ಇರದಿದ್ದುದು. 2024ರ ದಸರಾಕ್ಕೆ ಅಮ್ಮ ಬೊಂಬೆ ಪೆಟ್ಟಿಗೆ ಇಳಿಸಿದಾಗ ಪಟ್ಟದ ಬೊಂಬೆಗಳ ಕಿರೀಟದಲ್ಲಿ ಬಣ್ಣವೇ ಉಳಿದಿರಲಿಲ್ಲ. ಅಜ್ಜಿ ಮದುವೆಯಲ್ಲಿ ಬಂದ ರಾಜ ರಾಣಿ, ಮರದ್ದು. ನನ್ನ ಟೇಬಲ್ ಕಡೆ ನೋಡಿ, "ಆ ಟ್ಯಾಂಕಿಗೆ ತಿಕ್ಕುವುದನ್ನು ಇದಕ್ಕೂ ಒಂಚೂರು ತಿಕ್ಕಿಕೊಡು" ಅಂದರು. ಗೋಲ್ಡ್ ಲೀಫ್ ಹಚ್ಚಿ ನೋಡಿದೆ, ಹೊಸ ಟ್ರೋಫಿಯ ಹಾಗೆ ಕಂಡಿತು, ಟರ್ಪೆಂಟೈನ್‌ನಲ್ಲಿ ಒರೆಸಿದೆ. ಆಂಟೀಕ್ ಗೋಲ್ಡ್ ಸರಿಹೋಯಿತು. ರಾಜನ ಕಿರೀಟ, ರಾಣಿಯ ವಡ್ಯಾಣ, ಇಬ್ಬರ ಸರಗಳ ಉಬ್ಬು ಮಾತ್ರ. ಹಳೇ ಬಣ್ಣದ ನಡುವೆ ಈ ಚಿನ್ನ ಹೊಸದು ಎಂದು ಯಾರಿಗೂ ಗೊತ್ತಾಗಲಿಲ್ಲ. ಬಂದ ನೆಂಟರೆಲ್ಲ ಎಷ್ಟು ಚೆನ್ನಾಗಿ ಕಾಪಾಡಿಕೊಂಡಿದ್ದೀರಿ ಎಂದು ಅಮ್ಮನನ್ನು ಹೊಗಳಿದರು, ಅಮ್ಮನೂ ನನ್ನ ಹೆಸರು ಎತ್ತಲಿಲ್ಲ.

ಹಬ್ಬ ಮುಗಿದ ಮೇಲೆ ಎಂದಿನಂತೆ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸಿದರು. ಬಿಗಿಯಾಗಿ ಸುತ್ತಬೇಡ ಎಂದು ಹೇಳಲು ನಾನು ಮರೆತಿದ್ದೆ. 2025ರ ಸೆಪ್ಟೆಂಬರ್‌ನಲ್ಲಿ ಪೆಟ್ಟಿಗೆ ತೆಗೆದು ಪಂಚೆ ಬಿಚ್ಚಿದರೆ ಬಿಳೀ ಬಟ್ಟೆಯ ಮೇಲೆ ಕಿರೀಟದ ಆಕಾರದಲ್ಲೇ ಒಂದು ಚಿನ್ನದ ಅಚ್ಚು. ರಾಜನ ತಲೆ ಅರ್ಧ ಬೋಳು. ಅಮ್ಮ ಬಟ್ಟೆಯನ್ನೂ ಬೊಂಬೆಯನ್ನೂ ಒಂದೊಂದು ಸಲ ನೋಡಿ, "ಆ ಮುಲಾಮು ಇನ್ನೂ ಇದೆಯಾ?" ಅಂದರು.